ನೆಗೆಟಿವ್ ತಾಯಿ, ಪಾಸಿಟಿವ್ ಕೂಸು



ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನನ್ನು ಜನ ಹೆಚ್ಚಾಗಿ ಕೇಳುವುದು ರಕ್ತದಾನದ ವಿಷಯವನ್ನಲ್ಲ, ಮದುವೆಯ ವಿಷಯವನ್ನು. "ಹುಡುಗಂದೂ ಓ ಪಾಸಿಟಿವ್ವು, ಹುಡುಗೀದೂ ಓ ಪಾಸಿಟಿವ್ವು. ಒಂದೇ ಗುಂಪಾದ್ರೆ ಆಗಿಬರಲ್ವಂತೆ, ಹೌದಾ ಡಾಕ್ಟ್ರೇ?" ಎನ್ನುತ್ತಾರೆ. ಸಗೋತ್ರದ ಲೆಕ್ಕವನ್ನು ನಾವು ರಕ್ತದ ಗುಂಪಿಗೂ ಹಚ್ಚಿಬಿಟ್ಟಿದ್ದೇವೆ. ಅದರಲ್ಲಿ ಏನೇನೂ ಹುರುಳಿಲ್ಲ. ಒಂದೇ ಗುಂಪಿನವರು ಧಾರಾಳವಾಗಿ ಮದುವೆಯಾಗಬಹುದು. ಇನ್ನು ಕೆಲವರು ಹುಡುಗಿಯದು ನೆಗೆಟಿವ್ ಎಂದು ಗೊತ್ತಾದ ಕೂಡಲೇ ಜಾತಕ ವಾಪಸು ಕಳಿಸುತ್ತಾರೆ. ಈ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1968ರಿಂದ ಈಚೆಗೆ ಇಲ್ಲ. ಆ ವರ್ಷ ಒಂದು ಇಂಜೆಕ್ಷನ್ ಬಳಕೆಗೆ ಬಂತು. ಇವತ್ತು ಅದರ ಕಥೆ ಹೇಳುತ್ತೇನೆ. ಅದು ಪ್ರತಿಕಾಯಗಳ ಕಥೆಯೂ ಹೌದು. ಇಲ್ಲಿ ರೋಗ ತರುವುದು ಪ್ರತಿಕಾಯ, ರೋಗ ಪತ್ತೆಯಾಗುವುದು ಪ್ರತಿಕಾಯದಿಂದ, ರೋಗ ತಡೆಯುವ ಮದ್ದೂ ಪ್ರತಿಕಾಯವೇ.

ಪ್ರತಿಕಾಯವೆಂದರೆ ಒಂದು ಪ್ರೋಟೀನು. ಇಂಗ್ಲಿಷಿನ ವೈ ಅಕ್ಷರದ ಆಕಾರದ್ದು. ಮೇಲಿನ ಎರಡು ತುದಿಗಳು ಯಾವುದೋ ಒಂದು ನಿರ್ದಿಷ್ಟ ವಸ್ತುವನ್ನಷ್ಟೇ ಹಿಡಿಯುತ್ತವೆ. ದಡಾರದ ವೈರಸ್ಸಿಗೆ ಹುಟ್ಟಿದ್ದು ಗದ್ದಕಟ್ಟಿನ ವೈರಸ್ಸನ್ನು ಮುಟ್ಟುವುದಿಲ್ಲ. ಕೆಳಗಿನ ಕಾಲು, ಹಿಡಿದದ್ದನ್ನು ಮುಗಿಸುವುದಕ್ಕೆ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಇವುಗಳಲ್ಲಿ ಐದು ಬಗೆಯಿದ್ದರೂ ಈ ಹೊತ್ತಿಗೆ ಎರಡು ಸಾಕು. ಹೊಸ ಶತ್ರು ಬಂದಾಗ ಮೊದಲು ಹುಟ್ಟುವುದು ಐಜಿಎಂ. ಐದು ವೈಗಳು ಸೇರಿ ಆದ ದೊಡ್ಡ ಕಣ ಅದು. ಆಮೇಲೆ ನಿಧಾನವಾಗಿ ಬಂದು ಬಹುಕಾಲ ಉಳಿಯುವುದು ಐಜಿಜಿ, ಒಂಟಿ ವೈ.

ಬಸುರಿಯ ಮೈಯಲ್ಲಿ ಈ ಎರಡರ ಹಾದಿ ಬೇರೆ. ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಮಾಸು ಇದೆ. ಐಜಿಎಂ ಅದನ್ನು ದಾಟುವುದಿಲ್ಲ. ಐಜಿಜಿಯನ್ನಾದರೆ ಮಾಸೇ ಹಿಡಿದು ಆಚೆ ದಾಟಿಸುತ್ತದೆ. ಬಸುರಿಯರಿಗೆ ಧನುರ್ವಾಯುವಿನ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಲಾಭ ತಾಯಿಗೆ ಮಾತ್ರವಲ್ಲ, ಕೂಸಿಗೂ ಉಂಟು. ತಾಯಿಯಲ್ಲಿ ಹುಟ್ಟಿದ ಐಜಿಜಿ ಮಗುವಿಗೆ ಇಳಿದು, ಹೊಕ್ಕುಳಬಳ್ಳಿ ಕತ್ತರಿಸಿದ ಗಾಯದಿಂದ ಧನುರ್ವಾಯು ಹತ್ತದ ಹಾಗೆ ನೋಡಿಕೊಳ್ಳುತ್ತದೆ. ಹುಟ್ಟಿದ ಕೂಸು ಮೊದಲ ಕೆಲವು ತಿಂಗಳು ಬದುಕುವುದೇ ತಾಯಿ ಕೊಟ್ಟ ಈ ಗಂಟಿನ ಮೇಲೆ. ಆದರೆ ಮಾಸಿಗೆ ಒಳ್ಳೆಯ ಐಜಿಜಿ, ಕೆಟ್ಟ ಐಜಿಜಿ ಎಂಬ ಭೇದ ತಿಳಿಯದು. ಎಲ್ಲವನ್ನೂ ದಾಟಿಸಿಬಿಡುತ್ತದೆ.

ಈಗ ರಕ್ತದ ಗುಂಪಿಗೆ ಬರೋಣ. ನಮ್ಮ ಕೆಂಪು ಕಣಗಳ ಮೈಮೇಲೆ ಎ, ಬಿ ಎಂಬ ಗುರುತುಗಳಿರುವ ಹಾಗೆ ಡಿ ಎಂಬ ಇನ್ನೊಂದು ಗುರುತು ಇದೆ. ಅದು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ಇಲ್ಲದಿರುವುದು ರೋಗವಲ್ಲ, ಊನವಲ್ಲ. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ಜನರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ನೆಗೆಟಿವ್. ಚೀನೀಯರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ನಮ್ಮಲ್ಲಿ ನೂರಕ್ಕೆ ಸುಮಾರು ಐದು ಜನ.

ಗುಂಪು ನೋಡುವುದನ್ನು ನೀವು ಶಿಬಿರಗಳಲ್ಲಿ ಕಂಡಿರಬಹುದು. ಬಿಳಿ ಟೈಲಿನ ಮೇಲೆ ಮೂರು ಹನಿ ರಕ್ತ. ಒಂದರ ಮೇಲೆ ನೀಲಿ ಹನಿ, ಇನ್ನೊಂದರ ಮೇಲೆ ಹಳದಿ ಹನಿ, ಮೂರನೆಯದರ ಮೇಲೆ ಬಣ್ಣವಿಲ್ಲದ ಹನಿ. ಕಡ್ಡಿಯಿಂದ ಕಲಸಿ ಟೈಲನ್ನು ಅತ್ತ ಇತ್ತ ಓಲಾಡಿಸುತ್ತಾರೆ. ಕೆಲವು ಹನಿ ಹಾಗೇ ನುಣ್ಣಗೆ ಉಳಿಯುತ್ತವೆ. ಕೆಲವು ಒಡೆದ ಹಾಲಿನ ಹಾಗೆ ಕಣಕಣವಾಗುತ್ತವೆ. ಆ ಪುಟ್ಟ ಸೀಸೆಗಳಲ್ಲಿ ಇರುವುದೇ ಪ್ರತಿಕಾಯ. ನೀಲಿಯದು ಎ ಗುರುತನ್ನು, ಹಳದಿಯದು ಬಿ ಗುರುತನ್ನು, ಬಣ್ಣವಿಲ್ಲದ್ದು ಡಿ ಗುರುತನ್ನು ಹಿಡಿದು ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಒಂದೆರಡು ನಿಮಿಷದ ಈ ಪರೀಕ್ಷೆ ಪೂರ್ತಿ ಪ್ರತಿಕಾಯದ ಕೆಲಸ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಎಂದಿಟ್ಟುಕೊಳ್ಳಿ. ಹೊಟ್ಟೆಯಲ್ಲಿರುವ ಮಗು ತಂದೆಯಂತೆ ಪಾಸಿಟಿವ್ ಆಗಬಹುದು. ಮೊದಲ ಬಸಿರು ಸಾಮಾನ್ಯವಾಗಿ ಸುಖವಾಗಿಯೇ ಮುಗಿಯುತ್ತದೆ. ಹೆರಿಗೆಯಾಗಿ ಮಾಸು ಬಿಡಿಸಿಕೊಳ್ಳುವ ಹೊತ್ತಿಗೆ ಮಗುವಿನ ಒಂದಿಷ್ಟು ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ಎಷ್ಟು? ಒಂದು ಮಿಲಿಲೀಟರಿನ ಹತ್ತರಲ್ಲೊಂದು ಪಾಲು ಸಾಕು. ತಾಯಿಯ ಮೈ ಡಿ ಗುರುತನ್ನು ಎಂದೂ ಕಂಡಿಲ್ಲ. ಹೊರಗಿನದು ಎಂದು ತಿಳಿದು ಪ್ರತಿಕಾಯ ತಯಾರಿಸತೊಡಗುತ್ತದೆ. ಮೊದಲು ಐಜಿಎಂ, ತಿಂಗಳುಗಳು ಕಳೆದ ಮೇಲೆ ಐಜಿಜಿ. ಅಷ್ಟರಲ್ಲಿ ಮೊದಲ ಕೂಸು ಹೊರಬಂದು ತೊಟ್ಟಿಲಲ್ಲಿ ಮಲಗಿರುತ್ತದೆ, ಅದಕ್ಕೇನೂ ಆಗದು. ಪೆಟ್ಟು ಬೀಳುವುದು ಎರಡನೆಯದಕ್ಕೆ. ಅದೂ ಪಾಸಿಟಿವ್ ಆಗಿದ್ದರೆ ತಾಯಿಯ ಐಜಿಜಿ ಮಾಸು ದಾಟಿ, ಅದರ ಕೆಂಪು ಕಣಗಳನ್ನು ಒಂದೊಂದಾಗಿ ಮುಗಿಸುತ್ತದೆ. ರಕ್ತ ತೆಳುವಾಗುತ್ತದೆ. ಹೃದಯ ಸೋಲುತ್ತದೆ, ಮೈಯಲ್ಲೆಲ್ಲ ನೀರು ತುಂಬಿ ಮಗು ಹೊಟ್ಟೆಯಲ್ಲೇ ಸಾಯಬಹುದು. ಬದುಕಿ ಹುಟ್ಟಿದರೆ ಕೆಲವೇ ಗಂಟೆಗಳಲ್ಲಿ ಕಾಮಾಲೆ ಏರುತ್ತದೆ. ಒಡೆದ ಕಣಗಳಿಂದ ಬರುವ ಹಳದಿ ಬಿಲಿರುಬಿನ್ನನ್ನು ಅಲ್ಲಿಯತನಕ ತಾಯಿಯ ಯಕೃತ್ತು ವಿಲೇವಾರಿ ಮಾಡುತ್ತಿತ್ತು. ಬಳ್ಳಿ ಕತ್ತರಿಸಿದ ಮೇಲೆ ಆ ಅನುಕೂಲ ಇಲ್ಲ. ಅದು ಮಿದುಳಿಗೆ ಹೋಗಿ ಕೂತರೆ ಮಗು ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು.

"ಮೊದಲನೆಯದು ಚೆನ್ನಾಗಿದೆ, ಆಮೇಲಿನವು ಒಂದೂ ಉಳಿಯಲಿಲ್ಲ" ಎಂದು ಹಿಂದಿನವರು ಹೇಳುತ್ತಿದ್ದ ಮನೆಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿದ್ದೀತು. ದೋಷ ಹೊತ್ತವಳು ಮಾತ್ರ ಸೊಸೆ.

ಕಾರಣ ಗೊತ್ತಾದದ್ದು ನ್ಯೂಯಾರ್ಕಿನಲ್ಲಿ, 1939ರಲ್ಲಿ. ಒಬ್ಬ ಹೆಂಗಸಿಗೆ ಸತ್ತ ಮಗು ಹುಟ್ಟಿತು. ರಕ್ತಸ್ರಾವವಾಯಿತೆಂದು ಗಂಡನ ರಕ್ತ ಕೊಟ್ಟರು. ಎ, ಬಿ, ಓ ಲೆಕ್ಕದಲ್ಲಿ ಇಬ್ಬರದೂ ಹೊಂದುತ್ತಿತ್ತು, ಆದರೂ ಮೈಗೆ ಒಗ್ಗಲಿಲ್ಲ. ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಎಂಬ ವೈದ್ಯರು ಇದನ್ನು ಕೆದಕಿದರು. ತಂದೆಯಿಂದ ಮಗುವಿಗೆ ಬಂದ ಯಾವುದೋ ಗುರುತಿಗೆ ತಾಯಿ ಪ್ರತಿಕಾಯ ಮಾಡಿಕೊಂಡಿದ್ದಾಳೆ, ಆ ಗುರುತು ಗಂಡನ ರಕ್ತದಲ್ಲೂ ಇದೆ ಎಂದು ಊಹಿಸಿದರು. ಊಹೆ ನಿಜವಾಗಿತ್ತು. ಆದರೆ ಆ ಗುರುತಿಗೆ ಹೆಸರಿಡಲಿಲ್ಲ. ಮರುವರ್ಷ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ರಕ್ತವನ್ನು ಮೊಲಗಳಿಗೆ ಚುಚ್ಚಿ ಪಡೆದ ಪ್ರತಿಕಾಯದಿಂದ ನ್ಯೂಯಾರ್ಕಿನ ಬಿಳಿಯರಲ್ಲಿ ನೂರಕ್ಕೆ 85 ಮಂದಿಯ ರಕ್ತ ಗಂಟುಕಟ್ಟುವುದನ್ನು ತೋರಿಸಿ ಆರ್‌ಎಚ್ ಎಂದು ಕರೆದರು. ಡಿ ಗುರುತಿಗೆ ಹೆಸರು ಅವರದೇ ಉಳಿಯಿತು. ಲೆವಿನ್ ಕೊನೆಯತನಕ ಅದನ್ನು ಮರೆಯಲಿಲ್ಲವೆಂದು ಕಾಣುತ್ತದೆ. ವಿಜ್ಞಾನಿಗಳ ಜಗಳಗಳಲ್ಲಿ ಜಮೀನು ವ್ಯಾಜ್ಯದ ಖದರು ಇರುತ್ತದೆ, ಬಿಡಿ.

ಕಾರಣ ಸಿಕ್ಕರೂ ಒಂದು ತೊಡಕಿತ್ತು. ತಾಯಿಯ ಸೀರಮ್ಮಿನಲ್ಲಿ ಡಿ ವಿರುದ್ಧದ ಐಜಿಜಿ ಇದೆಯೋ ಇಲ್ಲವೋ ಎಂದು ಟೈಲಿನ ಮೇಲೆ ಕಾಣುವುದಿಲ್ಲ. ಐಜಿಜಿ ಚಿಕ್ಕದು. ಕಣದ ಮೇಲೆ ಕೂರುತ್ತದೆ, ಆದರೆ ಎರಡು ಕಣಗಳನ್ನು ಒಟ್ಟಿಗೆ ಎಳೆದು ಅಂಟಿಸುವಷ್ಟು ಉದ್ದವಿಲ್ಲ. ಕಣದ ಮೇಲೆ ಪ್ರತಿಕಾಯ ಇದೆ, ಕಣ್ಣಿಗೆ ಮಾತ್ರ ಏನೂ ಇಲ್ಲ. ಇದನ್ನು ಬಿಡಿಸಿದವರು ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್. ಓದಿದ್ದು ಪಶುವೈದ್ಯ. ಯುದ್ಧಕಾಲದ ಮಂದ ದೀಪದ ರೈಲಿನಲ್ಲಿ ಬರುವಾಗ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮನುಷ್ಯನ ಪ್ರತಿಕಾಯವೂ ಒಂದು ಪ್ರೋಟೀನು ತಾನೆ? ಅದನ್ನು ಮೊಲಕ್ಕೆ ಚುಚ್ಚಿದರೆ ಮೊಲ ಅದರ ವಿರುದ್ಧವೇ ಪ್ರತಿಕಾಯ ಮಾಡುತ್ತದೆ. ಆ ಮೊಲದ ಸೀರಮ್ ಹಾಕಿದರೆ ಕಣಗಳ ಮೇಲೆ ಸುಮ್ಮನೆ ಕೂತ ಐಜಿಜಿಗಳು ಒಂದಕ್ಕೊಂದು ಜೋಡಿಯಾಗಿ ಗಂಟು ಕಾಣಿಸುತ್ತದೆ. 1945ರಲ್ಲಿ ಕೂಂಬ್ಸ್, ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಇದನ್ನು ಪ್ರಕಟಿಸಿದರು. ಬಸುರಿಯರ ಚೀಟಿಯಲ್ಲಿ ಐಸಿಟಿ ಎಂದು ಬರೆದಿರುತ್ತಾರಲ್ಲ, ಅದೇ ಪರೀಕ್ಷೆ.

ನಮ್ಮಲ್ಲಿ ದಿನಾ ಮಾಡುತ್ತೇವೆ. ಪುಟ್ಟ ಗಾಜಿನ ಕೊಳವೆಯಲ್ಲಿ ತಾಯಿಯ ಸೀರಮ್ ಎರಡು ಹನಿ, ಓ ಪಾಸಿಟಿವ್ ಕಣ ಒಂದು ಹನಿ. ಮೈ ಬಿಸಿಯಷ್ಟೇ, ಅಂದರೆ 37 ಡಿಗ್ರಿಯಲ್ಲಿ ಇಡಬೇಕು. ಆಮೇಲೆ ಸಲೈನಿನಲ್ಲಿ ಮೂರು ಸಲ ತೊಳೆಯಬೇಕು. ತಪ್ಪು ಆಗುವುದೆಲ್ಲ ಈ ತೊಳೆಯುವುದರಲ್ಲಿ. ಅಂಟದೆ ಉಳಿದ ಪ್ರತಿಕಾಯ ಒಂಚೂರು ಹಿಂದೆ ನಿಂತರೂ ಕೂಂಬ್ಸ್ ಸೀರಮ್ಮನ್ನು ಅದೇ ಹೀರಿಕೊಂಡು, ಇರುವ ರೋಗವನ್ನು ಇಲ್ಲ ಎಂದು ತೋರಿಸಿಬಿಡುತ್ತದೆ. ತೊಳೆದ ಮೇಲೆ ಕೂಂಬ್ಸ್ ಸೀರಮ್ ಹಾಕಿ, ತಿರುಗಿಸಿ, ಕೊಳವೆಯ ತಳಕ್ಕೆ ಬೆರಳಿಂದ ಮೆಲ್ಲಗೆ ತಟ್ಟಿ ನೋಡಬೇಕು. ಜೋರಾಗಿ ತಟ್ಟಿದರೆ ಬಂದ ಗಂಟೂ ಬಿಚ್ಚಿಹೋಗುತ್ತದೆ. ಗಂಟು ಕಂಡರೆ ಸೀರಮ್ಮನ್ನು ಇಮ್ಮಡಿ ಇಮ್ಮಡಿ ತೆಳುವಾಗಿಸುತ್ತ ಎಲ್ಲಿಯವರೆಗೆ ಗಂಟು ಬರುತ್ತದೆಂದು ನೋಡುತ್ತೇವೆ. ಹದಿನಾರು ಪಟ್ಟು, ಮೂವತ್ತೆರಡು ಪಟ್ಟು ತೆಳುವಾದರೂ ಬರುತ್ತಿದ್ದರೆ ಮಗುವಿಗೆ ಅಪಾಯವಿದೆ ಎಂದರ್ಥ. ಆಗ ಸ್ಕ್ಯಾನಿನಲ್ಲಿ ಮಗುವಿನ ಮಿದುಳಿನ ರಕ್ತನಾಳದ ಹರಿವಿನ ವೇಗ ಅಳೆಯುತ್ತಾರೆ. ರಕ್ತ ತೆಳುವಾದಷ್ಟೂ ವೇಗ ಜಾಸ್ತಿ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಕೆಲವೊಮ್ಮೆ ಹುಟ್ಟಿದ ಕೂಸಿನ ಗುಂಪು ನೋಡಿದರೆ ನೆಗೆಟಿವ್ ಎಂದೇ ತೋರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜಕ್ಕೂ ಅದು ಪಾಸಿಟಿವ್. ಅದರ ಕಣಗಳ ಮೇಲಿನ ಡಿ ಗುರುತುಗಳನ್ನೆಲ್ಲ ತಾಯಿಯ ಪ್ರತಿಕಾಯ ಮೊದಲೇ ಆಕ್ರಮಿಸಿ ಕೂತಿರುವುದರಿಂದ ನಮ್ಮ ಸೀಸೆಯ ಪ್ರತಿಕಾಯಕ್ಕೆ ಹಿಡಿಯಲು ಜಾಗವೇ ಉಳಿದಿಲ್ಲ. ರೋಗ ವಿಪರೀತವಾದಾಗಲೇ ವರದಿ ನಿರಾಳವಾಗಿ ಕಾಣುತ್ತದೆ. ಲ್ಯಾಬಿನ ಚೀಟಿಯನ್ನು ಕೂಸಿನ ಮೈಬಣ್ಣದ ಪಕ್ಕದಲ್ಲಿಟ್ಟು ಓದಬೇಕು ಎಂದು ಹೊಸ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ರೋಗ ಬಂದಮೇಲೆ ಏನು ಮಾಡುವುದು? 1940ರ ದಶಕದಲ್ಲಿ ಬಾಸ್ಟನ್ನಿನ ಲೂಯಿ ಡೈಮಂಡ್ ಮೊದಲಾದವರು ರಕ್ತ ಬದಲಾಯಿಸುವ ವಿಧಾನ ರೂಢಿಗೆ ತಂದರು. ಹೊಕ್ಕುಳಬಳ್ಳಿಯ ನಾಳದಲ್ಲಿ ಸಪೂರ ಕೊಳವೆ ಇಳಿಸಿ, ಸ್ವಲ್ಪ ಸ್ವಲ್ಪವೇ ಮಗುವಿನ ರಕ್ತ ತೆಗೆಯುತ್ತ ಅಷ್ಟೇ ನೆಗೆಟಿವ್ ರಕ್ತ ತುಂಬುತ್ತ ಹೋಗುವುದು. ಮೂರು ಕಿಲೋ ತೂಕದ ಕೂಸಿಗೆ ಹತ್ತಿರಹತ್ತಿರ ಅರ್ಧ ಲೀಟರ್ ಬೇಕು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯ ದಾದಿಯೊಬ್ಬರು ದಿನ ತುಂಬದ ಕೂಸುಗಳನ್ನು ಬಿಸಿಲಿಗೆ ತರುತ್ತಿದ್ದರು. ಬಿಸಿಲು ಬಿದ್ದ ಕಡೆ ಕಾಮಾಲೆಯ ಹಳದಿ ಇಳಿದದ್ದು ಕಣ್ಣಿಗೆ ಬಿತ್ತು. 1958ರಲ್ಲಿ ಪ್ರಕಟವಾದ ನೀಲಿ ದೀಪದ ಚಿಕಿತ್ಸೆ ಅಲ್ಲಿಂದಲೇ ಹುಟ್ಟಿತು. ಈಗ ಜಿಲ್ಲಾಸ್ಪತ್ರೆಗಳಲ್ಲೂ ಆ ದೀಪಗಳಿವೆ. 1963ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ವಿಲಿಯಂ ಲೈಲಿ ಇನ್ನೂ ಮುಂದೆ ಹೋಗಿ, ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಉದರಕ್ಕೇ ಸೂಜಿಯಿಂದ ರಕ್ತ ಕೊಟ್ಟು ಉಳಿಸಿದರು. ದೊಡ್ಡ ಸಾಹಸಗಳೇ. ಆದರೂ ಎಲ್ಲವೂ ಬೆಂಕಿ ಹತ್ತಿದ ಮೇಲೆ ನೀರು ಹೊಯ್ಯುವ ಕೆಲಸ.

ಹತ್ತದಂತೆ ತಡೆಯುವ ಉಪಾಯ ಕೇಳಿದರೆ ತಲೆಕೆಳಗಾದ ಮಾತು ಎನಿಸುತ್ತದೆ. ತಾಯಿಯಲ್ಲಿ ಡಿ ವಿರುದ್ಧ ಪ್ರತಿಕಾಯ ಹುಟ್ಟಬಾರದು ಎಂದರೆ ತಾಯಿಗೆ ಡಿ ವಿರುದ್ಧದ ಪ್ರತಿಕಾಯವನ್ನೇ, ಅಂದರೆ ಆಂಟಿ-ಡಿಯನ್ನೇ ಚುಚ್ಚಬೇಕು! ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಫ್ರೀಡಾ, ಜಾನ್ ಗೋರ್ಮನ್ ಮತ್ತು ವಿಲಿಯಂ ಪೊಲಾಕ್, ಲಿವರ್‌ಪೂಲಿನಲ್ಲಿ ಸಿರಿಲ್ ಕ್ಲಾರ್ಕ್ ಮತ್ತು ರೊನಾಲ್ಡ್ ಫಿನ್, ಬೇರೆ ಬೇರೆ ದಾರಿಯಲ್ಲಿ ಇಲ್ಲಿಗೆ ಬಂದರು. ಕ್ಲಾರ್ಕ್ ವೈದ್ಯರಾದರೂ ಅವರ ಜೀವ ಇದ್ದದ್ದು ಚಿಟ್ಟೆಗಳಲ್ಲಿ. ಚಿಟ್ಟೆಗಳ ರೆಕ್ಕೆಯ ಬಣ್ಣದ ಆನುವಂಶಿಕತೆ ಬೆನ್ನಟ್ಟಿದವರು ರಕ್ತದ ಗುಂಪಿನ ಆನುವಂಶಿಕತೆಗೆ ಬಂದು ಸೇರಿದರು. ಇವರಿಗೆ ಸಿಕ್ಕ ಸುಳಿವು ಇದು: ತಾಯಿ ಓ, ಮಗು ಎ ಎಂಬಂಥ ಜೋಡಿಗಳಲ್ಲಿ ಆರ್‌ಎಚ್ ತೊಂದರೆ ಕಡಿಮೆ. ಯಾಕೆಂದರೆ ಒಳಬಂದ ಮಗುವಿನ ಕಣಗಳನ್ನು ತಾಯಿಯಲ್ಲಿ ಮೊದಲೇ ಇರುವ ಎ ವಿರುದ್ಧದ ಪ್ರತಿಕಾಯ ತಕ್ಷಣ ಮುಗಿಸಿಬಿಡುತ್ತದೆ, ಡಿ ಗುರುತನ್ನು ನೋಡಿ ಕಲಿಯುವಷ್ಟು ವ್ಯವಧಾನ ತಾಯಿಯ ಮೈಗೆ ಸಿಗುವುದಿಲ್ಲ. ಹಾಗಾದರೆ ಉಳಿದ ತಾಯಂದಿರಲ್ಲೂ ಆ ಕಣಗಳನ್ನು ಬೇಗ ಮುಗಿಸಿದರೆ? ಲಿವರ್‌ಪೂಲಿನವರು ಮೊದಲು ಐಜಿಎಂ ಬಳಸಿ ನೋಡಿದರು. ಕೆಲಸ ಕೆಟ್ಟಿತು, ಪ್ರತಿಕಾಯ ಇನ್ನೂ ಹೆಚ್ಚಾಯಿತು. ಐಜಿಜಿಗೆ ಬದಲಾಯಿಸಿದ ಮೇಲೆ ಗೆದ್ದಿತು. ನ್ಯೂಯಾರ್ಕಿನವರು ಸಿಂಗ್ ಸಿಂಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ಮಾಡಿದರು. ಅವರು ಒಪ್ಪಿಯೇ ಮುಂದೆ ಬಂದಿದ್ದರು ಎನ್ನುತ್ತಾರೆ. ಜೈಲಿನೊಳಗಿನ ಒಪ್ಪಿಗೆಯ ಬೆಲೆಯೆಷ್ಟು ಎಂಬುದನ್ನು ಇವತ್ತಿನ ನೀತಿಸಮಿತಿ ಯಾವುದೂ ಕೇಳದೆ ಬಿಡಲಾರದು.

1968ರಲ್ಲಿ ಅಮೆರಿಕದಲ್ಲಿ ಈ ಇಂಜೆಕ್ಷನ್ನಿಗೆ ಪರವಾನಗಿ ಸಿಕ್ಕಿತು. ಬ್ರಿಟನ್ನಿನಲ್ಲಿ 1969ಕ್ಕೆ ಮುಂಚೆ ಲಕ್ಷ ಹೆರಿಗೆಗೆ 46 ಮಕ್ಕಳು ಈ ರೋಗದಿಂದ ಸಾಯುತ್ತಿದ್ದವು. 1990ರ ಹೊತ್ತಿಗೆ ಅದು ಎರಡಕ್ಕಿಂತ ಕೆಳಗಿಳಿದಿತ್ತು. ಚುಚ್ಚಿದ ಐಜಿಜಿ ಮಗುವಿನ ಕಣಗಳನ್ನು ಬೇಗ ತೆಗೆದುಹಾಕುತ್ತದೆ ಎಂಬುದಷ್ಟರಿಂದಲೇ ಇದನ್ನೆಲ್ಲ ವಿವರಿಸಲಾಗದು ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ. ವಾದ ನಡೆಯಲಿ. ಮದ್ದು ಕೆಲಸ ಮಾಡುತ್ತದೆ.

ಇಷ್ಟೊಂದು ಪ್ರತಿಕಾಯ ಎಲ್ಲಿಂದ ಬರಬೇಕು? ಮನುಷ್ಯರಿಂದಲೇ. ನೆಗೆಟಿವ್ ರಕ್ತದ ದಾನಿಗಳ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಬಹಳಷ್ಟು ರಕ್ತ ಕೊಡಬೇಕಾಗಿ ಬಂದಿತ್ತು. ವಯಸ್ಸಿಗೆ ಬಂದಮೇಲೆ ತಾವೂ ಕೊಡತೊಡಗಿದರು. ಅವರ ರಕ್ತದಲ್ಲಿ ಡಿ ವಿರುದ್ಧದ ಪ್ರತಿಕಾಯ ಹೇರಳವಾಗಿರುವುದು ಗೊತ್ತಾಯಿತು. ತಮ್ಮ 81ನೇ ವಯಸ್ಸಿನಲ್ಲಿ, 2018ರಲ್ಲಿ ನಿಲ್ಲಿಸುವ ಹೊತ್ತಿಗೆ 1,173 ಸಲ ಕೊಟ್ಟಿದ್ದರು. ಅದರಿಂದ 24 ಲಕ್ಷ ಕೂಸುಗಳಿಗೆ ರಕ್ಷೆ ಸಿಕ್ಕಿದೆಯೆಂದು ಅಲ್ಲಿನ ರೆಡ್ ಕ್ರಾಸ್ ಲೆಕ್ಕ ಹಾಕಿದೆ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸೂಜಿ ಕಂಡರೆ ಅವರಿಗೆ ಆಗುತ್ತಿರಲಿಲ್ಲವಂತೆ, ಮುಖ ತಿರುಗಿಸಿಕೊಂಡು ಕೂರುತ್ತಿದ್ದರಂತೆ. ಈಗ ಕೋಶಗಳನ್ನು ಬೆಳೆಸಿ ಪ್ರಯೋಗಾಲಯದಲ್ಲೇ ತಯಾರಿಸುವ ಆಂಟಿ-ಡಿ ಕೂಡ ನಮ್ಮ ದೇಶದಲ್ಲಿ ಸಿಗುತ್ತದೆ.

ಹಾಗಿದ್ದೂ ನಮ್ಮ ಕೊಳವೆಗಳಲ್ಲಿ ಗಂಟು ಕಾಣುವುದು ನಿಂತಿಲ್ಲ. ಒಬ್ಬ ಹೆಣ್ಣುಮಗಳು ಬಂದಿದ್ದಳು. ತಾಯಿ ಕಾರ್ಡಿನ ಪ್ರಕಾರ ಎರಡನೇ ಬಸಿರು. ಮೊದಲ ಹೆರಿಗೆಯಲ್ಲಿ ಇಂಜೆಕ್ಷನ್ ಕೊಟ್ಟ ಚೀಟಿಯೂ ಇತ್ತು. ಆದರೂ ಐಸಿಟಿ ಅರವತ್ನಾಲ್ಕು ಪಟ್ಟಿನವರೆಗೂ ಪಾಸಿಟಿವ್. ಜೊತೆಗಿದ್ದ ಅತ್ತೆ ಟೀ ಕುಡಿಯಲು ಹೋದಾಗ ಕೇಳಿದೆ. "ನಡುವೆ ಏನಾದ್ರೂ ಆಗಿತ್ತೇನಮ್ಮಾ?" ತಲೆ ತಗ್ಗಿಸಿದಳು. "ಒಂದು ನಿಂತಿತ್ತು ಮೇಡಂ. ನಾಲ್ಕು ತಿಂಗಳಾಗಿತ್ತು. ಅಂಗಡಿಯಿಂದ ಮಾತ್ರೆ ತಂದ್ಕೊಟ್ರು, ಮನೇಲೇ ಹೋಯ್ತು. ಯಾರ್ಗೂ ಹೇಳ್ಬೇಡ ಅಂದ್ರು." ಅಲ್ಲಿಗೆ ಎಲ್ಲ ಹೊಂದಿಕೊಂಡಿತು. ಮೊದಲ ಹೆರಿಗೆಯ ಇಂಜೆಕ್ಷನ್ ಆ ಒಂದು ಹೆರಿಗೆಗೆ ಮಾತ್ರ. ಚುಚ್ಚಿದ ಪ್ರತಿಕಾಯ ಮೂರು ವಾರಕ್ಕೊಮ್ಮೆ ಅರ್ಧರ್ಧ ಇಳಿಯುತ್ತ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ, ಲಸಿಕೆಯ ಹಾಗೆ ಬಾಳುವುದಿಲ್ಲ. ಆಕೆಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿ, ಕೂಸಿನ ರಕ್ತ ಬದಲಾಯಿಸಿ ಉಳಿಸಿದರು. ಇನ್ನೊಂದು ಬಸಿರಾದರೆ ಕಷ್ಟ ಇದಕ್ಕಿಂತ ಹೆಚ್ಚೇ. ಯಾಕೆಂದರೆ ಒಮ್ಮೆ ಆ ಪ್ರತಿಕಾಯ ತಾಯಿಯಲ್ಲಿ ತಾನಾಗಿ ಹುಟ್ಟಿತೆಂದರೆ ಆಮೇಲೆ ಯಾವ ಆಂಟಿ-ಡಿಯೂ ಉಪಯೋಗಕ್ಕೆ ಬಾರದು.

ಹನ್ನೆರಡು ವಾರದೊಳಗಿನ ಗರ್ಭಪಾತಕ್ಕೆ ಈ ಇಂಜೆಕ್ಷನ್ ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮಲ್ಲಿ ತಿಂಗಳ ಲೆಕ್ಕವೇ ಎಷ್ಟೋ ಸಲ ಅಂದಾಜಿನದಾದ್ದರಿಂದ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸುವುದು ಬೇಡ, ವೈದ್ಯರಿಗೆ ಬಿಡಿ.

ಇಂಜೆಕ್ಷನ್ ತಗೊಂಡವರು ಇನ್ನೊಂದನ್ನೂ ನೆನಪಿಡಬೇಕು. ತಗೊಂಡ ಕೆಲವು ವಾರ ಐಸಿಟಿ ಮಾಡಿಸಿದರೆ ಪಾಸಿಟಿವ್ ಬರಬಹುದು. ಚುಚ್ಚಿದ್ದು ಯಾವುದು, ಮೈಯಲ್ಲಿ ಹುಟ್ಟಿದ್ದು ಯಾವುದು ಎಂದು ನಮ್ಮ ಕೊಳವೆಗೆ ತಿಳಿಯುವುದಿಲ್ಲ. ಹಿಂದಿನ ವರ್ಷ ಯಾರೋ ಗಾಬರಿಯಾಗಿ ಬಸಿರನ್ನೇ ತೆಗೆಸುವ ಮಾತಾಡುತ್ತಿದ್ದರು. ಇಂಜೆಕ್ಷನ್ನಿನ ತಾರೀಕು ಕೇಳಿದ ಮೇಲೆ ಎಲ್ಲ ತಿಳಿಯಾಯಿತು. ಆ ಚೀಟಿ ಜೋಪಾನವಾಗಿರಲಿ.

ಮನೆಯಲ್ಲಿ ಬಸುರಿಯಿದ್ದರೆ ಇವತ್ತೇ ತಾಯಿ ಕಾರ್ಡು ತೆಗೆದು ರಕ್ತದ ಗುಂಪಿನ ಕಾಲಂ ನೋಡಿ. ಖಾಲಿಯಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಪರೀಕ್ಷೆ ಮಾಡಿಸಿ. ನೆಗೆಟಿವ್ ಎಂದಿದ್ದರೆ ಗಂಡನ ಗುಂಪೂ ಗೊತ್ತಿರಲಿ, ಐಸಿಟಿ ಆಗಲಿ. ಪ್ರತಿಕಾಯ ಇಲ್ಲವೆಂದಾದರೆ 28ನೇ ವಾರದಲ್ಲಿ ಒಂದು ಸಲ, ಕೂಸು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಮ್ಮೆ ಆಂಟಿ-ಡಿ. ನಡುವೆ ರಕ್ತ ಕಂಡರೆ, ಬಿದ್ದು ಹೊಟ್ಟೆಗೆ ಪೆಟ್ಟಾದರೆ, ಬಸಿರು ನಿಲ್ಲದೆ ಹೋದರೆ ಆಗಲೂ ಅದೇ 72 ಗಂಟೆ. ಅತ್ತೆಯರಿಗೆ, ಗಂಡಂದಿರಿಗೆ ನನ್ನದೊಂದು ಕೋರಿಕೆ: ಹೋದ ಬಸಿರನ್ನು ವೈದ್ಯರ ಹತ್ತಿರ ಮುಚ್ಚಿಡಬೇಡಿ.